675 ಬೇಡ, ನೂರು ಸಾಕು: ಒಂದು ಮೈಕ್ರೋಸ್ಕೋಪು, ಒಂದು ನೀರುಳ್ಳಿ, ಒಂದು ಚಮಚ ಉಪ್ಪು

ಮೈಕ್ರೋಸ್ಕೋಪಿನ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ 675 ಎಂದು ಬರೆದಿತ್ತು, ಅಂದರೆ 675 ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂದು. ಪಕ್ಕದ ಡಬ್ಬಿಯ ಮೇಲೆ ಬರೇ 100. ಎರಡರ ನಡುವೆ ಏಳುನೂರು ರೂಪಾಯಿ ವ್ಯತ್ಯಾಸ. ಉಡುಪಿಯಿಂದ ಮಂಗಳೂರಿನ ತನಕ ಬಸ್ಸಿನಲ್ಲಿ ಬಂದಾಗಿದೆ, ಇನ್ನು ಏಳುನೂರಕ್ಕೆ ಹಿಂದೆ ಮುಂದೆ ನೋಡುವುದು ಯಾಕೆ ಅಂತ ದೊಡ್ಡದನ್ನೇ ಎತ್ತಿಕೊಂಡೆ. ಅದು ಡಿಸೆಂಬರ್. ಈಗ ಜುಲೈ. ಈ ಏಳು ತಿಂಗಳಲ್ಲಿ 675ರಲ್ಲಿ ನೋಡಿದ್ದು ಮೂರೋ ನಾಲ್ಕೋ ಸಲ. ಆಗಲೂ ಕಂಡದ್ದು ಮಂಜು. ಉಳಿದದ್ದನ್ನೆಲ್ಲ ಹೆಚ್ಚುಕಡಿಮೆ ನೂರರಲ್ಲೇ ನೋಡಿದೆ. ಏಳುನೂರು ರೂಪಾಯಿ ನೀರಿಗೆ ಹಾಕಿದೆ ಅನ್ನಬಹುದು. ಅದೂ ಉಪ್ಪುನೀರಿಗೆ.

ನಮ್ಮ ಮನೆ ಉಡುಪಿ ಹತ್ತಿರದ ಕೆಮ್ಮಣ್ಣು ಎಂಬ ಊರಿನ ಕಡೆ. ಸ್ವರ್ಣಾ ಹೊಳೆ ಸಮುದ್ರಕ್ಕೆ ಹತ್ತಿರವಾಗುವ ಜಾಗ. ಸಂಜೆ ಹೊತ್ತು ಹೈಸ್ಕೂಲಿನ ಹನ್ನೊಂದು ಮಕ್ಕಳು ನಮ್ಮ ಜಗಲಿಗೆ ಟ್ಯೂಷನ್‌ಗೆ ಬರುತ್ತಾರೆ. ನಾನು ಬಿ.ಎಸ್ಸಿ. ಮುಗಿಸಿ ಇಪ್ಪತ್ತು ವರ್ಷದ ಮೇಲಾಯ್ತು. ಆಮೇಲೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟದ್ದೇ ಇಲ್ಲ. ಒಂಬತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕದಲ್ಲಿ ಒಂದು ಚಟುವಟಿಕೆ ಇದೆ. ರಿಯೋ ಗಿಡದ ಎಲೆಯ ಸಿಪ್ಪೆಗೆ ಉಪ್ಪುನೀರೋ ಸಕ್ಕರೆ ನೀರೋ ಹಾಕಿ, ಜೀವಕೋಶಕ್ಕೆ ಏನಾಗುತ್ತದೆ ಎಂದು ನೋಡುವುದು. ಅದನ್ನು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬಿಡಿಸಿಯೇ ಹೇಳುತ್ತಿದ್ದೆ. ಕಳೆದ ವರ್ಷ ಒಬ್ಬ ಹುಡುಗ ಕೇಳಿದ: "ಟೀಚರ್, ನೀವು ಇದನ್ನು ನಿಜವಾಗಿ ನೋಡಿದ್ದೀರಾ?" ನೋಡಿದ್ದೆ, ಕಾಲೇಜಿನಲ್ಲಿ. ಆದರೆ ಹೌದು ಅನ್ನುವಾಗ ಸ್ವರ ಸ್ವಲ್ಪ ಇಳಿದಿತ್ತು. ಹಾಗೆ ಹುಟ್ಟಿದ ಖರ್ಚು ಇದು.

ಅಂಗಡಿ ಹಂಪನಕಟ್ಟೆಯ ಆಚೆಗೆ, ಒಂದು ಕಟ್ಟಡದ ಮಾಳಿಗೆಯಲ್ಲಿ. ಲ್ಯಾಬ್ ಸಾಮಾನು ಮಾರುತ್ತಾರೆ. ಹೆಸರು ಬರೆಯುವುದಿಲ್ಲ, ಆಮೇಲೆ ಬೈಯುವುದಿದೆ. ಡಬ್ಬಿಯ ಮೇಲೆ ಅಂಬಾಲಾ ಎಂದಿತ್ತು. ಹರಿಯಾಣದ ಆ ಊರಿನಿಂದಲೇ ನಮ್ಮ ಶಾಲೆ ಕಾಲೇಜುಗಳ ಲ್ಯಾಬ್ ಸಾಮಾನಿನ ದೊಡ್ಡ ಪಾಲು ಬರುವುದು. ನನ್ನ ಮೈಕ್ರೋಸ್ಕೋಪಿಗೆ 3,200 ರೂಪಾಯಿ. ಕಬ್ಬಿಣದ ಭಾರವಾದ ಅಡಿ, ಒಂದು ಕನ್ನಡಿ, 10 ಮತ್ತು 45ರ ಎರಡು ಆಬ್ಜೆಕ್ಟಿವ್ (ನೋಡುವ ವಸ್ತುವಿನ ಹತ್ತಿರದ, ಕೆಳಗಿನ ಲೆನ್ಸು), 10 ಮತ್ತು 15ರ ಎರಡು ಐಪೀಸ್ (ಕಣ್ಣಿಡುವ, ಮೇಲಿನ ಲೆನ್ಸು). ಲೆಕ್ಕ ಸುಲಭ. ಮೇಲಿನದನ್ನು ಕೆಳಗಿನದಕ್ಕೆ ಗುಣಿಸಿ. 10ಕ್ಕೆ 10 ಗುಣಿಸಿದರೆ 100. 15ಕ್ಕೆ 45 ಗುಣಿಸಿದರೆ 675. ಡಬ್ಬಿಯ ಮೇಲಿನ ಅಂಕಿ ಅದೇ.

"ಒಮ್ಮೆ ನೋಡಬಹುದಾ?" ಅಂತ ಕೇಳಿದೆ. "ಮೇಡಂ, ಎಲ್ಲ ಚೆಕ್ ಆಗಿಯೇ ಬರುವುದು" ಅಂದರು. ನಾನು ಸುಮ್ಮನಾದೆ. ನನ್ನ ಮೊದಲ ತಪ್ಪು ಅದು.

ತಪ್ಪು ತಿಳಿಯಲು ನಾಲ್ಕು ದಿನ ಸಾಕಾಯ್ತು. ಲೆನ್ಸುಗಳನ್ನು ಹಿಡಿದಿರುವ ಕೊಳವೆ ತನ್ನಷ್ಟಕ್ಕೇ ಕೆಳಗೆ ಜಾರುತ್ತಿತ್ತು. ಫೋಕಸ್ ಮಾಡಿ ಕೈಬಿಟ್ಟರೆ ಹತ್ತು ಎಣಿಸುವುದರೊಳಗೆ ಚಿತ್ರ ಮಸುಕು. ಒಂದು ಸಂಜೆ 45ರ ಲೆನ್ಸು ಹಾಗೇ ಇಳಿದು ಸಿಪ್ಪೆ ಇಟ್ಟ ಗಾಜಿನ ಪಟ್ಟಿ, ಅಂದರೆ ಸ್ಲೈಡ್, ಒಡೆಯಿತು, ಉಪ್ಪುನೀರಿನಲ್ಲಿ ಮುಳುಗಿಯೂ ಆಯ್ತು. ಆ ಲೆನ್ಸಿಗೂ ಸ್ಲೈಡಿಗೂ ನಡುವೆ ಮೊದಲೇ ಅರ್ಧ ಮಿಲಿಮೀಟರ್ ಜಾಗ ಇರುವುದು ಕಷ್ಟ. ನಾನು ಗಾಬರಿಯಲ್ಲಿ ಸೆರಗಿನಿಂದ ಒರೆಸಿದೆ. ಕಾಟನ್ ಸೀರೆ ಅಲ್ವಾ, ಏನಾಗುತ್ತದೆ ಅಂದುಕೊಂಡೆ. ಉಪ್ಪಿನ ಹರಳು ಗಾಜಿನ ಮೇಲೆ ಮರಳು ಕಾಗದದ ಹಾಗೆ ಎಂದು ಆಮೇಲೆ ಹೊಳೆಯಿತು. ಲೆನ್ಸಿನ ಮೇಲೆ ಒಂದು ಗೀರು ಈಗಲೂ ಇದೆ. ಉಪ್ಪು ತಾಗಿದರೆ ಮೊದಲು ಡಿಸ್ಟಿಲ್ಡ್ ವಾಟರ್ ತಾಗಿಸಿ ಉಪ್ಪು ಕರಗಿಸಬೇಕು. ಆಮೇಲೆ ಲೆನ್ಸ್ ಪೇಪರಿನಲ್ಲಿ ಒತ್ತಿ ತೆಗೆಯಬೇಕು, ಉಜ್ಜಬಾರದು. ಡಿಸ್ಟಿಲ್ಡ್ ವಾಟರ್ ಅಂದರೆ ಬ್ಯಾಟರಿಗೆ ಹಾಕುವ ನೀರು, ಅದರ ಬಾಟಲಿ ಪೆಟ್ರೋಲ್ ಪಂಪಿನಲ್ಲೂ ಸಿಗುತ್ತದೆ.

ಅಂಗಡಿಗೆ ವಾಪಸು ಕೊಟ್ಟೆ. ಮೂರು ವಾರ ಇಟ್ಟುಕೊಂಡರು. ಎರಡು ಸಲ ಫೋನ್ ಮಾಡಿದಾಗ "ನಾಳೆ ಆಗ್ತದೆ" ಅಂದರು. ಕೊನೆಗೆ ಹೋಗಿ ತಂದರೆ ಅದೇ ಜಾರುಬಂಡೆ. ರಿಪೇರಿ ಚಾರ್ಜ್ ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳಲು ರಿಪೇರಿ ಆಗಿದ್ದರೆ ಅಲ್ವಾ. ಸರಿ ಮಾಡಿಕೊಟ್ಟದ್ದು ನಮ್ಮೂರಿನಲ್ಲಿ ಹೊಲಿಗೆ ಮಿಷಿನ್ ರಿಪೇರಿ ಮಾಡುವವರು. ಎರಡೂ ಬದಿಯ ದೊಡ್ಡ ತಿರುಗಣೆ ಇದೆಯಲ್ಲ, ಒಂದನ್ನು ಗಟ್ಟಿ ಹಿಡಿದು ಇನ್ನೊಂದನ್ನು ಎದುರು ದಿಕ್ಕಿಗೆ ಚೂರು ತಿರುಗಿಸಿದರು. ಬಿಗಿಯಾಯ್ತು. ಎರಡು ನಿಮಿಷದ ಕೆಲಸ. ಕೊಳವೆ ಜಾರುವ ಮೈಕ್ರೋಸ್ಕೋಪು ನಿಮ್ಮಲ್ಲೂ ಇದ್ದರೆ, ಅಂಗಡಿಗೆ ಹೋಗುವ ಮೊದಲು ಇದನ್ನು ಮಾಡಿ ನೋಡಿ.

ಇಷ್ಟು ಬೈದ ಮೇಲೂ ಇದಕ್ಕೆ ಐದರಲ್ಲಿ ಮೂರೂವರೆ ಕೊಡುತ್ತೇನೆ. ಯಾಕೆ ಅಂದರೆ ಆ 10ರ ಲೆನ್ಸು ಚಂದ ಉಂಟು. ನಿಜಕ್ಕೂ ಚಂದ ಉಂಟು.

ಜನವರಿಯ ಒಂದು ಶನಿವಾರ ಎಲ್ಲ ಜೋಡಿಸಿಕೊಂಡು ಕೂತೆವು. ನೀರುಳ್ಳಿ ನೇರಳೆ ಬಣ್ಣದ್ದೇ ಆಗಬೇಕು. ಬಿಳಿಯದಾದರೆ ಅಯೋಡಿನ್ ಹಾಕಿ ಬಣ್ಣ ಹಿಡಿಸಬೇಕಾಗುತ್ತದೆ. ಅಯೋಡಿನ್ ತಾಗಿದ ಕೋಶ ಸಾಯುತ್ತದೆ, ಸತ್ತ ಕೋಶದಲ್ಲಿ ಈ ಆಟ ನಡೆಯುವುದಿಲ್ಲ. ಒಣ ಸಿಪ್ಪೆ ತೆಗೆದ ಮೇಲೆ ಸಿಗುವ ಮೊದಲ ರಸಭರಿತ ಪದರ ಇದೆಯಲ್ಲ, ಅದರ ಹೊರಮೈ ನೋಡಿ. ಬಣ್ಣ ಇರುವುದು ಅಲ್ಲಿ. ಒಳಮೈಯ ಸಿಪ್ಪೆ ಸಲೀಸಾಗಿ ಎದ್ದು ಬರುತ್ತದೆ, ಆದರೆ ಅದಕ್ಕೆ ಬಣ್ಣವೇ ಇಲ್ಲ. ಹೊರಮೈಯದ್ದು ಹಟ ಮಾಡುತ್ತದೆ. ಬ್ಲೇಡಿನಲ್ಲಿ ಅಕ್ಕಿ ಕಾಳಿನಷ್ಟು ಅಗಲಕ್ಕೆ ಚೌಕ ಗೀರಿ, ಒಂದು ಮೂಲೆಯನ್ನು ಚಿಮುಟದಲ್ಲಿ ಹಿಡಿದು ನಿಧಾನ ಎಳೆಯಬೇಕು. ಐದರಲ್ಲಿ ಒಂದು ಸರಿಯಾಗಿ ಬರುತ್ತದೆ. ಉಳಿದ ನಾಲ್ಕು ಸಾಂಬಾರಿಗೆ.

ಸ್ಲೈಡಿನ ಮೇಲೆ ಒಂದು ಹನಿ ಬಾವಿ ನೀರು, ಅದರಲ್ಲಿ ಸಿಪ್ಪೆ, ಮೇಲೆ ಕವರ್‌ಸ್ಲಿಪ್ ಎಂಬ ತೆಳು ಗಾಜಿನ ಚೂರು. ಕವರ್‌ಸ್ಲಿಪ್ಪನ್ನು ಒಂದೇ ಸಲ ಕೆಡವಿದರೆ ಗಾಳಿಗುಳ್ಳೆ ತುಂಬಿಕೊಳ್ಳುತ್ತದೆ. ಒಂದು ಅಂಚು ತಾಗಿಸಿ, ಓರೆಯಾಗಿ ಇಳಿಸಬೇಕು. ನಮ್ಮ ಮಕ್ಕಳು ಮೊದಲ ದಿನ "ಟೀಚರ್, ಕೋಶ ಕಾಣ್ತದೆ" ಅಂತ ಬೊಬ್ಬೆ ಹಾಕಿದ್ದು ಗಾಳಿಗುಳ್ಳೆ ನೋಡಿ. ದುಂಡಗೆ, ಕಪ್ಪು ಅಂಚಿನದು ಕಂಡರೆ ಅದು ಗುಳ್ಳೆ.

ನಿಜವಾದದ್ದು ಕಂಡಾಗ ಯಾರೂ ಬೊಬ್ಬೆ ಹಾಕಲಿಲ್ಲ. ಮುರಕಲ್ಲಿನ ಕಂಪೌಂಡು ಗೋಡೆಯನ್ನು ಯಾರೋ ನೇರಳೆ ಗಾಜಿನಲ್ಲಿ ಕಟ್ಟಿದ ಹಾಗಿತ್ತು. ಒಂದೊಂದು ಕೋಶವೂ ಅಂಚಿನ ತನಕ ಬಣ್ಣ ತುಂಬಿಕೊಂಡಿತ್ತು. ನೀರುಳ್ಳಿಯ ಕೋಶ ಕಾಲು ಮಿಲಿಮೀಟರಿನಷ್ಟು ಉದ್ದ ಇದ್ದರೆ, ನೂರು ಪಟ್ಟಿನಲ್ಲಿ ಅದು ಎರಡೂವರೆ ಸೆಂಟಿಮೀಟರ್ ಆಯ್ತು. ನೋಡಲು ಅಷ್ಟು ಸಾಲದಾ? 675ರಲ್ಲಿ ಹಾಕಿದರೆ ಒಂದೆರಡು ಕೋಶದ ತುಂಡು ಮಾತ್ರ ಕಾಣುತ್ತದೆ, ಅದೂ ಕತ್ತಲೆಯಲ್ಲಿ. ಅಕ್ಕಪಕ್ಕದ್ದು ಏನು ಮಾಡುತ್ತಿದೆ ಎಂದೇ ತಿಳಿಯುವುದಿಲ್ಲ. ಈ ಪ್ರಯೋಗದಲ್ಲಿ ನೋಡಬೇಕಾದದ್ದೇ ಅಕ್ಕಪಕ್ಕ.

ಈಗ ಉಪ್ಪು. ಅರ್ಧ ಲೋಟ ನೀರಿಗೆ, ಅಂದರೆ ಸುಮಾರು 100 ಮಿಲಿಲೀಟರಿಗೆ, ಒಂದು ಟೀ ಚಮಚ ಪುಡಿ ಉಪ್ಪು. ಹೆಚ್ಚುಕಡಿಮೆ ಶೇ. 5ರಿಂದ 6 ಆಗುತ್ತದೆ. ಸ್ಲೈಡನ್ನು ತೆಗೆಯಬೇಕಾಗಿಲ್ಲ. ಕವರ್‌ಸ್ಲಿಪ್ಪಿನ ಒಂದು ಬದಿಗೆ ಒಂದು ಹನಿ ಉಪ್ಪುನೀರು ಇಟ್ಟು, ಎದುರು ಬದಿಗೆ ಬ್ಲಾಟಿಂಗ್ ಪೇಪರಿನ ಚೂರು ತಾಗಿಸಬೇಕು. ಪೇಪರ್ ಈಚೆಯಿಂದ ನೀರು ಹೀರುತ್ತದೆ, ಆಚೆಯಿಂದ ಉಪ್ಪುನೀರು ಒಳಗೆ ಬರುತ್ತದೆ. ಕಣ್ಣು ಐಪೀಸಿನಲ್ಲೇ ಇರಲಿ.

ಒಂದು ನಿಮಿಷದೊಳಗೆ ಶುರುವಾಯ್ತು. ಮೊದಲು ಮೂಲೆಗಳು. ಬಣ್ಣ ಮೂಲೆಯಿಂದ ಬಿಟ್ಟುಕೊಂಡಿತು. ಆಮೇಲೆ ಬದಿಗಳು ಒಳಕ್ಕೆ ಬಾಗಿದವು. ಕೊಟ್ಟೆಯಲ್ಲಿ ಬೆಂದ ಕಡುಬು ಆರುವಾಗ ಹಲಸಿನ ಎಲೆಯಿಂದ ಬಿಟ್ಟುಕೊಳ್ಳುತ್ತದಲ್ಲ, ಹಾಗೆ. ಮೂರು ನಾಲ್ಕು ನಿಮಿಷದಲ್ಲಿ ಪ್ರತಿ ಕೋಶದ ಒಳಗೆ, ನಡುವಿನಲ್ಲಿ, ಒಂದೊಂದು ನೇರಳೆ ಉಂಡೆ. ಸುತ್ತ ಖಾಲಿ ಜಾಗ. ಗೋಡೆ ಮಾತ್ರ ಇದ್ದ ಹಾಗೇ ನಿಂತಿದೆ. ಬಣ್ಣ ಕೂಡ ಮೊದಲಿಗಿಂತ ಕಡು. ಬಣ್ಣ ಹೊಸದಾಗಿ ಬಂದದ್ದಲ್ಲ. ನೀರು ಹೋಯಿತು, ಇದ್ದ ಬಣ್ಣ ಚಿಕ್ಕ ಜಾಗದಲ್ಲಿ ಒತ್ತಾಯಿತು.

ಇದಕ್ಕೆ ಪ್ಲಾಸ್ಮಾಲಿಸಿಸ್ ಅನ್ನುತ್ತಾರೆ. ಕೋಶದ ಹೊರಗೋಡೆ ಒಂದು ಜಾಲರಿ ಇದ್ದ ಹಾಗೆ. ನೀರೂ ಉಪ್ಪೂ ಎರಡೂ ದಾಟುತ್ತವೆ. ಅದರ ಒಳಗಿನ ತೆಳು ಪೊರೆ ಹಾಗಲ್ಲ. ನೀರನ್ನು ಬಿಡುತ್ತದೆ, ಉಪ್ಪನ್ನು ಸುಲಭಕ್ಕೆ ಬಿಡುವುದಿಲ್ಲ. ಹೊರಗೆ ಉಪ್ಪು ಜಾಸ್ತಿ ಆದಾಗ ಒಳಗಿನ ನೀರು ಹೊರಗೆ ಹೋಗುತ್ತದೆ, ಪೊರೆ ಗೋಡೆಯನ್ನು ಬಿಟ್ಟು ಮುದುಡುತ್ತದೆ. ಹಾಗಾದರೆ ಗೋಡೆಗೂ ಪೊರೆಗೂ ನಡುವಿನ ಆ ಖಾಲಿ ಜಾಗದಲ್ಲಿ ಏನಿದೆ? ಪರೀಕ್ಷೆಯಲ್ಲಿ ಕೇಳುವ ಪ್ರಶ್ನೆ ಇದು. ನನ್ನ ಹನ್ನೊಂದರಲ್ಲಿ ಒಂಬತ್ತು ಮಂದಿ "ಗಾಳಿ" ಅಂದರು. ಗಾಳಿಯಲ್ಲ, ನಾವು ಹಾಕಿದ ಉಪ್ಪುನೀರೇ. ಚಿತ್ರ ಬಿಡಿಸಿ ಹತ್ತು ವರ್ಷ ಹೇಳಿದರೂ ಇದು ತಲೆಗೆ ಹೋಗುತ್ತಿರಲಿಲ್ಲ. ಉಪ್ಪುನೀರು ಒಂದು ಬದಿಯಿಂದ ಬರುವುದನ್ನು, ಸಾಲಿಗೆ ಸಾಲು ಕೋಶ ಮುದುಡುತ್ತಾ ಹೋಗುವುದನ್ನು ನೋಡಿದ ಮೇಲೆ ಮತ್ತೆ ಕೇಳಬೇಕಾಗಲಿಲ್ಲ.

ಆಮೇಲೆ ಅದೇ ದಾರಿಯಲ್ಲಿ ಒಳ್ಳೆ ನೀರು ಹಾಯಿಸಿದೆವು. ಉಂಡೆಗಳು ಮತ್ತೆ ಉಬ್ಬಿ ಗೋಡೆಗೆ ತಾಗಿದವು. ಎಲ್ಲವೂ ಅಲ್ಲ. ಕೆಲವು ಅರ್ಧದಲ್ಲಿ ಒಡೆದು, ಬಣ್ಣ ಸೋರಿ, ಬೆಳ್ಳಗಾದವು. "ಟೀಚರ್, ಇದು ತೀರಿಹೋಯ್ತು" ಅಂದಳು ಎಂಟನೇ ಕ್ಲಾಸಿನವಳು, ತುಂಬಾ ಗಂಭೀರವಾಗಿ. ಉಪ್ಪಿನಲ್ಲಿ ಹೆಚ್ಚು ಹೊತ್ತು ಬಿಟ್ಟಷ್ಟೂ ವಾಪಸು ಬರುವವು ಕಡಿಮೆ. ರಿಯೋ ಎಲೆಯನ್ನು ಕುದಿಸಿಯೂ ನೋಡಿದೆವು, ಪುಸ್ತಕದಲ್ಲಿ ಹೇಳಿದ ಹಾಗೆ. ಕುದಿಸಿದ ಎಲೆಗೆ ಎಷ್ಟು ಉಪ್ಪು ಹಾಕಿದರೂ ಏನೂ ಆಗುವುದಿಲ್ಲ. ಪೊರೆ ಸತ್ತರೆ ತಡೆಯುವವರೇ ಇಲ್ಲ.

ಅಂದ ಹಾಗೆ ರಿಯೋ ಅಂದರೆ ಮೇಲೆ ಹಸಿರು, ಅಡಿಯಲ್ಲಿ ನೇರಳೆ ಇರುವ ಕತ್ತಿಯಂಥ ಎಲೆಯ ಗಿಡ. ನಮ್ಮ ಕಡೆ ಎಷ್ಟೋ ಮನೆಯ ಗೇಟಿನ ಬದಿಯಲ್ಲಿ ಇರುತ್ತದೆ, ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಅಡಿಮೈಯ ಸಿಪ್ಪೆ ಎಳೆದರೆ ಪತ್ರರಂಧ್ರಗಳೂ, ಅಂದರೆ ಎಲೆ ಉಸಿರಾಡುವ ಸಣ್ಣ ತೂತುಗಳೂ, ಕಾಣುತ್ತವೆ. ಈ ಒಂದು ವಿಷಯಕ್ಕೆ 45ರ ಲೆನ್ಸು, 10ರ ಐಪೀಸ್, ಅಂದರೆ 450 ಪಟ್ಟು, ಉಪಯೋಗಕ್ಕೆ ಬಂತು. ಹಾಗಾಗಿ ಏಳುನೂರೂ ಹೋಯಿತು ಅನ್ನುವುದು ಸ್ವಲ್ಪ ಅನ್ಯಾಯ. ನಾನೂರು ಹೋಯಿತು ಅನ್ನೋಣ.

ಮಕ್ಕಳಿಗೆ ರುಚಿ ಹತ್ತಿತು. ಎಷ್ಟು ಉಪ್ಪಿಗೆ ಶುರುವಾಗುತ್ತದೆ ನೋಡುವ ಅಂತ ಹೊರಟರು. ಮೆಡಿಕಲ್ ಶಾಪಿನ ಸಲೈನ್, ಅಂದರೆ ಶೇ. 0.9 ಉಪ್ಪು ಇರುವ ನೀರು, ಹಾಕಿದರೆ ಹತ್ತು ನಿಮಿಷ ಕಾದರೂ ಏನೂ ಕಾಣಲಿಲ್ಲ. ಅದಕ್ಕಿಂತ ಚೂರು ಹೆಚ್ಚಿಗೆ ಹೋದಾಗ ಅಲ್ಲೊಂದು ಇಲ್ಲೊಂದು ಕೋಶದ ಮೂಲೆ ಬಿಟ್ಟುಕೊಂಡಿತು. ಮಲ್ಪೆಯಿಂದ ಒಬ್ಬ ಬಾಟಲಿಯಲ್ಲಿ ಸಮುದ್ರದ ನೀರು ತಂದ. ಸಮುದ್ರದಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ಶೇ. 3.5. ಅದರಲ್ಲಿ ಎಲ್ಲ ಕೋಶವೂ ಮುದುಡಿತು, ಅಡುಗೆಮನೆಯ ಚಮಚ ಉಪ್ಪಿಗಿಂತ ಸ್ವಲ್ಪ ನಿಧಾನ ಅಷ್ಟೇ.

ಸಕ್ಕರೆಯಲ್ಲೂ ಮಾಡಿದೆವು. ಇಲ್ಲಿ ಒಂದು ತಮಾಷೆ ಉಂಟು. ಒಂದು ಚಮಚ ಉಪ್ಪು ಮಾಡುವ ಕೆಲಸವನ್ನು ಒಂದು ಚಮಚ ಸಕ್ಕರೆ ಮಾಡುವುದಿಲ್ಲ. ತೂಕದಲ್ಲಿ ಹತ್ತು ಹನ್ನೊಂದು ಪಟ್ಟು ಸಕ್ಕರೆ ಬೇಕು. ನೀರು ಎಳೆಯುವಾಗ ಲೆಕ್ಕಕ್ಕೆ ಬರುವುದು ತೂಕವಲ್ಲ, ಕಣಗಳ ಸಂಖ್ಯೆ. ಸಕ್ಕರೆಯ ಅಣು ಭಾರ, ಅಣುತೂಕ 342. ಉಪ್ಪಿನದ್ದು 58.5, ಅದೂ ನೀರಿಗೆ ಬಿದ್ದ ತಕ್ಷಣ ಸೋಡಿಯಂ ಬೇರೆ, ಕ್ಲೋರೈಡ್ ಬೇರೆ ಆಗಿ ಎರಡಾಗುತ್ತದೆ. 1880ರ ದಶಕದಲ್ಲಿ ಹಾಲೆಂಡಿನ ಹ್ಯೂಗೋ ಡಿ ವ್ರೀಸ್ ಎಂಬ ಸಸ್ಯವಿಜ್ಞಾನಿ ಇದನ್ನೇ ಮಾಡಿದ್ದರು. ಯಾವ ದ್ರಾವಣ ಎಷ್ಟಿದ್ದರೆ ಗಿಡದ ಕೋಶ ಮುದುಡಲು ಶುರುವಾಗುತ್ತದೆ ಎಂದು ಅಳೆಯುತ್ತಾ ಕೂತರು. ಆ ಅಳತೆಗಳು ಅವರದೇ ದೇಶದ ರಸಾಯನವಿಜ್ಞಾನಿ ವ್ಯಾಂಟ್ ಹಾಫ್‌ಗೆ ಉಪಯೋಗವಾದವು. ಈ ವ್ಯಾಂಟ್ ಹಾಫ್‌ಗೆ 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಂತು. ಎಲೆಯ ಸಿಪ್ಪೆ ಎಲ್ಲಿಯ ತನಕ ಹೋಯಿತು ನೋಡಿ. ನಮ್ಮ ಜಗಲಿಯಲ್ಲಿ ಮಾತ್ರ ಸಕ್ಕರೆ ನೀರಿನ ಬಾಬ್ತು ಸ್ಟೇಜಿನ (ಸ್ಲೈಡ್ ಇಡುವ ತಟ್ಟೆ) ಮೇಲೆ ಇರುವೆ ಸಾಲು ಬಂತು.

ಮಾರ್ಚಿನಲ್ಲಿ ನಮ್ಮ ಅತ್ತೆ ಮಿಡಿ ಹಾಕುತ್ತಿದ್ದರು. ಭರಣಿಯ ಅಡಿಗೆ ಕಲ್ಲುಪ್ಪು, ಮೇಲೆ ಮಾವಿನ ಮಿಡಿ, ಮತ್ತೆ ಉಪ್ಪು. ಕೆಲವು ದಿನ ಬಿಟ್ಟರೆ ಮಿಡಿ ಚಿರುಟಿ, ಭರಣಿಯಲ್ಲಿ ತನ್ನಷ್ಟಕ್ಕೇ ನೀರು ನಿಲ್ಲುತ್ತದೆ. ಅತ್ತೆ ಒಂದು ಹನಿ ನೀರು ಹಾಕುವುದಿಲ್ಲ. ನಾನು ಕರೆದೆ, "ಅತ್ತೆ, ಒಮ್ಮೆ ಇಲ್ಲಿ ನೋಡಿ." ಅವರಿಗೆ ಎಪ್ಪತ್ತಾರು, ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ. ಆ ಕಣ್ಣಲ್ಲೇ ಬಹಳ ಹೊತ್ತು ನೋಡಿದರು. ನೀರುಳ್ಳಿ ಕೋಶ ಮುದುಡುತ್ತಾ ಇತ್ತು. "ಇದು ನಮ್ಮ ಭರಣಿಯದ್ದೇ ಕತೆ ಅಲ್ವಾ ಮಾರಾಯ್ತಿ" ಅಂದರು. "ಚಿರುಟದ ಮಿಡಿ ಹಾಳಾಗ್ತದೆ ಅಂತ ನಾನು ನಿಂಗೆ ಎಷ್ಟು ಸಲ ಹೇಳಿದ್ದೇನೆ." ಹೌದು, ಹೇಳಿದ್ದರು. ನಾನು ಬೋರ್ಡಿನ ಮೇಲೆ ಬರೆಯುವುದಕ್ಕೂ ಅವರು ಭರಣಿಗೆ ಹಾಕುವುದಕ್ಕೂ ಸಂಬಂಧ ಕಟ್ಟಿರಲಿಲ್ಲ ಅಷ್ಟೇ.

ಬೇಸಗೆಯಲ್ಲಿ ಇನ್ನೊಂದು ಆಯ್ತು. ಅದು ಈ ಯಂತ್ರದ ಮಿತಿಯನ್ನೂ ತೋರಿಸಿತು. ಹೊಳೆಯಲ್ಲಿ ಸಿಹಿನೀರು ಕಡಿಮೆಯಾದರೆ ಸಮುದ್ರದ ನೀರು ಭರತಕ್ಕೆ ಮೇಲೆ ಬರುತ್ತದೆ. ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದು ಅದನ್ನು ತಡೆಯಲಿಕ್ಕೂ ಹೌದು. ಆದರೂ ಏಪ್ರಿಲ್ ಬಂದರೆ ನಮ್ಮ ಬಾವಿ ನೀರಿಗೆ ಉಪ್ಪು ನಾಲಗೆಗೆ ತಿಳಿಯುತ್ತದೆ. ಟೆರೇಸಿನಲ್ಲಿ ಕುಂಡದ ಬೀನ್ಸ್ ಗಿಡಕ್ಕೆ ಅದೇ ನೀರು. ಎಲೆಯ ಅಂಚು ಸುಟ್ಟ ಹಾಗೆ ಕಂದಾಯಿತು. ನೀರಿನಲ್ಲಿ ಕರಗಿದ ಉಪ್ಪಿನಂಶ ಅಳೆಯುವ ಟಿಡಿಎಸ್ ಪೆನ್ನು ಅದ್ದಿ ನೋಡಿದರೆ ಬಾವಿ ನೀರು 1,900, ಲೆಕ್ಕ ಲೀಟರಿಗೆ ಮಿಲಿಗ್ರಾಮಿನಲ್ಲಿ. ಲೀಟರಿಗೆ ಎರಡು ಗ್ರಾಂ ಹತ್ತಿರ. ಸಮುದ್ರದ್ದು 35,000.

ಆ ನೀರನ್ನು ನೀರುಳ್ಳಿ ಸಿಪ್ಪೆಗೆ ಹಾಕಿದೆ. ಏನೂ ಆಗಲಿಲ್ಲ. ಅರ್ಧ ಗಂಟೆ ಕಾದೆ. ಕೋಶಗಳು ಆರಾಮಾಗಿ ಇದ್ದವು. ಸಲೈನಿಗೇ ಮುದುಡದ ಕೋಶ ಅದರ ಐದನೇ ಒಂದು ಪಾಲಿಗೆ ಯಾಕೆ ಮುದುಡಬೇಕು? ಮೈಕ್ರೋಸ್ಕೋಪನ್ನು ನಂಬಿದರೆ ಬಾವಿ ನೀರು ನಿರಪರಾಧಿ. ಗಿಡ ನೋಡಿದರೆ ಹಾಗಿಲ್ಲ.

ಎರಡು ದಿನ ತಲೆಕೆಡಿಸಿಕೊಂಡೆ. ಆಮೇಲೆ ಕುಂಡದ ಮೇಲ್ಮಣ್ಣಿನಲ್ಲಿ ಬಿಳಿ ಪುಡಿ ಕಂಡಿತು. ದಿನಕ್ಕೆ ಒಂದು ಲೀಟರ್ ಹಾಕಿದರೆ ತಿಂಗಳಿಗೆ 57 ಗ್ರಾಂ ಕುಂಡಕ್ಕೆ ಹೋಯಿತು. ಅಡಿಯ ತೂತಿನಿಂದ ಹರಿದದ್ದು ಬಿಟ್ಟರೆ ಉಳಿದದ್ದೆಲ್ಲ ಅಲ್ಲೇ. ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ಒಂದು ಲೋಟ ಕುಂಡದ ಮಣ್ಣಿಗೆ ಒಂದು ಲೋಟ ಮಳೆನೀರು ಹಾಕಿ ಕಲಸಿ ಸೋಸಿದೆ (ಹೋದ ವರ್ಷದ ಮಳೆನೀರು ಒಂದು ಕ್ಯಾನಿನಲ್ಲಿ ಇತ್ತು, ಅತ್ತೆಗೆ ಅದರ ಮೇಲೆ ಏನೋ ನಂಬಿಕೆ). ಪೆನ್ನಿನಲ್ಲಿ 9,000 ದಾಟಿತು. ಅದನ್ನು ಸಿಪ್ಪೆಗೆ ಹಾಕಿದಾಗ ಅಲ್ಲಲ್ಲಿ ಮೂಲೆ ಬಿಟ್ಟಿತು. ಬೇರು ಕೂತಿದ್ದು ಆ ನೀರಿನಲ್ಲಿ. ಕೋಶ ಮುದುಡುವ ಮೊದಲೇ ಬೇರಿಗೆ ನೀರು ಎಳೆಯಲು ಕಷ್ಟವಾಗುತ್ತದೆ. ಒಳಗೆ ಹೋದ ಉಪ್ಪು ಎಲೆಯ ಅಂಚಿನಲ್ಲಿ ಸೇರಿ ಸುಡುತ್ತದೆ. ಅದು ವಾರಗಟ್ಟಲೆ ನಡೆಯುವ ಕೆಲಸ. ಐದು ನಿಮಿಷದ ಸ್ಲೈಡಿನಲ್ಲಿ ಕಾಣುವುದಿಲ್ಲ. ಜೂನ್ ಮಳೆ ಸರಿಯಾಗಿ ಬಡಿದ ಮೇಲೆ ಅದೇ ಕುಂಡದ ಮಣ್ಣು ನೋಡಿದೆ, 400ಕ್ಕೆ ಇಳಿದಿತ್ತು. ಹೊಸ ಬೀನ್ಸ್ ಚಿಗುರಿದೆ.

ಕಾಂಡ್ಲಾ ಗಿಡದಲ್ಲೂ ಪ್ರಯತ್ನ ಮಾಡಿದೆ. ಉಪ್ಪುನೀರಿನಲ್ಲೇ ನಿಂತು ಬೆಳೆಯುವ ಗಿಡ ಅಲ್ವಾ, ಅದರ ಕೋಶಕ್ಕೆ ಸಮುದ್ರದ ನೀರು ಏನೂ ಮಾಡಬಾರದು. ಒಳಗಿನ ರಸವೇ ಹೊರಗಿನ ನೀರಿಗಿಂತ ಗಟ್ಟಿ ಇರುತ್ತದೆ. ಆದರೆ ಆ ದಪ್ಪ ಎಲೆಯ ಸಿಪ್ಪೆ ನನ್ನ ಕೈಗೆ ಬರಲೇ ಇಲ್ಲ. ಮೂರು ಬ್ಲೇಡ್, ಒಂದು ಬೆರಳು ಹಾಳು. ಕೆಲವು ಜಾತಿಯ ಕಾಂಡ್ಲಾ ಎಲೆಯ ಮೇಲೆ ಉಪ್ಪಿನ ಹರಳು ಕೂತಿರುತ್ತದೆ, ಗಿಡವೇ ಹೊರಹಾಕಿದ್ದು. ಅದು ಬರಿಗಣ್ಣಿಗೇ ಕಾಣುತ್ತದೆ, ನೆಕ್ಕಿ ನೋಡಿದರೆ ತಿಳಿಯುತ್ತದೆ. ಕುಮಟಾ ಕಡೆ ಅಘನಾಶಿನಿ ಹೊಳೆಯ ಗಜನಿ ಗದ್ದೆಯಲ್ಲಿ, ಅಂದರೆ ಭರತದ ಉಪ್ಪುನೀರು ನುಗ್ಗುವ ಗದ್ದೆಯಲ್ಲಿ, ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ. ಅದರ ಬೇರು ಸಿಕ್ಕಿದರೆ ಒಮ್ಮೆ ನೋಡುವ ಆಸೆ ಇದೆ.

ಮತ್ತೆ ಯಂತ್ರಕ್ಕೆ ಬರುತ್ತೇನೆ. ಉಪ್ಪುನೀರಿನ ಪ್ರಯೋಗಕ್ಕೆ ಕಬ್ಬಿಣದ ಸ್ಟೇಜು ಕೊಡುವುದು ಯಾವ ಬುದ್ಧಿಯೋ. ಸ್ಲೈಡ್ ಹಿಡಿಯುವ ಕ್ಲಿಪ್ಪು ಎರಡೂ ಫೆಬ್ರವರಿಗೇ ತುಕ್ಕು. ಪ್ರತಿ ಸಲ ಮುಗಿದ ಮೇಲೆ ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ, ಕ್ಲಿಪ್ಪಿಗೆ ಚೂರು ಹೊಲಿಗೆ ಮಿಷಿನ್ ಎಣ್ಣೆ. ಕನ್ನಡಿಯದ್ದೂ ಒಂದು ರಗಳೆ. ಬೇಸಗೆಯಲ್ಲಿ ಕಿಟಕಿ ಬೆಳಕು ಧಾರಾಳ. ಈಗ ಮಳೆಗಾಲ, ಮಧ್ಯಾಹ್ನ ಮೂರು ಗಂಟೆಗೇ ದೀಪ ಹಾಕಬೇಕು. ಟೇಬಲ್ ಲ್ಯಾಂಪಿಗೆ ಬಿಳಿ ಕಾಗದ ಅಡ್ಡ ಇಟ್ಟು ಕನ್ನಡಿ ಅದರ ಕಡೆ ತಿರುಗಿಸುತ್ತೇನೆ. ಬಿಸಿಲು ಎಷ್ಟೇ ಚಂದ ಇದ್ದರೂ ಕನ್ನಡಿಯನ್ನು ಸೂರ್ಯನ ಕಡೆ ನೇರ ತಿರುಗಿಸಬೇಡಿ, ಕಣ್ಣು ಹೋಗುತ್ತದೆ. ಮಕ್ಕಳಿಗೆ ಇದನ್ನು ಎರಡು ಸಲ ಹೇಳಿ. ಸ್ವಲ್ಪ ಜಾಸ್ತಿ ಕೊಟ್ಟರೆ ಎಲ್‌ಇಡಿ ಇರುವುದು ಸಿಗುತ್ತದೆ. ನಮ್ಮ ಕರಾವಳಿಗೆ ಅದೇ ವಾಸಿ.

ಇನ್ನೊಂದು ಶತ್ರು ಬೂಷ್ಟು. ಚಪ್ಪಲಿಗೆ ಬರುವ ಬೂಷ್ಟು ಲೆನ್ಸಿಗೂ ಬರುತ್ತದೆ. ಅಂಗಡಿಯವರು ಕೊಟ್ಟ ಥರ್ಮೋಕೋಲ್ ಡಬ್ಬಿಯಲ್ಲಿ ಇಡಬೇಡಿ. ನಾನು ಲೆನ್ಸುಗಳನ್ನು ಮಾತ್ರ ಬಿಚ್ಚಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಟ್ಟಿದ್ದೇನೆ. ಇಲ್ಲಿಯ ತನಕ ಬಚಾವ್.

ಹೋಲಿಕೆಗೆ ಒಂದು ಮಾತು. ಪರಿಚಯದ ಶಿಕ್ಷಕಿಯೊಬ್ಬರಿಂದ ಒಂದು ವಾರ ಫೋಲ್ಡ್‌ಸ್ಕೋಪ್ ತಂದಿದ್ದೆ. ಸ್ಟ್ಯಾನ್‌ಫರ್ಡ್‌ನಲ್ಲಿ ಮನು ಪ್ರಕಾಶ್ ಮತ್ತು ಜೊತೆಯವರು ಮಾಡಿದ ಕಾಗದದ ಮೈಕ್ರೋಸ್ಕೋಪು. 140 ಪಟ್ಟು. ಜೇಬಿನಲ್ಲಿ ಹಿಡಿಯುತ್ತದೆ, ಬಿದ್ದರೆ ಒಡೆಯುವುದಿಲ್ಲ. ಅದರಲ್ಲೂ ನೀರುಳ್ಳಿ ಕೋಶ ಸೊಗಸಾಗಿ ಕಂಡಿತು. ಆದರೆ ಒಂದು ಕೈಯಲ್ಲಿ ಅದನ್ನು ಕಣ್ಣಿಗೆ ಹಿಡಿದು ಇನ್ನೊಂದು ಕೈಯಲ್ಲಿ ಉಪ್ಪುನೀರು ಹಾಯಿಸಲು ನನಗೆ ಆಗಲಿಲ್ಲ. ಮುದುಡಿದ ಮೇಲೆ ನೋಡಬಹುದು, ಮುದುಡುವುದನ್ನು ನೋಡುವುದು ಕಷ್ಟ. ಮೇಜಿನ ಮೇಲೆ ನಿಲ್ಲುವ ಭಾರದ ಯಂತ್ರಕ್ಕೆ ಅಲ್ಲಿ ಬೆಲೆ. ಫೋನಿಗೆ ಸಿಕ್ಕಿಸುವ ಲೆನ್ಸಿಗೆ ಮುನ್ನೂರು ರೂಪಾಯಿ ಹಾಕಿದ್ದೆ, ಅದರ ಬಗ್ಗೆ ಮಾತಾಡುವುದು ಬೇಡ.

ಕೊಳ್ಳುವವರು ಇದ್ದರೆ, ಅಂಗಡಿಗೆ ಹೋಗುವಾಗ ಚೀಲದಲ್ಲಿ ಒಂದು ನೇರಳೆ ನೀರುಳ್ಳಿ, ಒಂದು ಬ್ಲೇಡ್ ಇಟ್ಟುಕೊಳ್ಳಿ. ಅಲ್ಲೇ ಸಿಪ್ಪೆ ಎಳೆದು ನೂರರಲ್ಲಿ ನೋಡಿ. ಫೋಕಸ್ ಮಾಡಿ ಕೈಬಿಟ್ಟು ಐವತ್ತು ಎಣಿಸಿ. ಚಿತ್ರ ಅಲ್ಲೇ ನಿಂತಿದ್ದರೆ ದುಡ್ಡು ಕೊಡಿ. "ಚೆಕ್ ಆಗಿಯೇ ಬರುವುದು" ಅಂದರೆ ನೀರುಳ್ಳಿ ಸಮೇತ ಎದ್ದು ಬನ್ನಿ.

ನನ್ನ ಹತ್ತಿರ ಕವರ್‌ಸ್ಲಿಪ್ ಮುಗಿದಿದೆ. ಸೋಮವಾರ ಮಂಗಳೂರಿಗೆ ಹೋಗಬೇಕು, ಅದೇ ಅಂಗಡಿಗೆ. ಕವರ್‌ಸ್ಲಿಪ್ ಮಾತ್ರ ಅವರಲ್ಲಿ ಒಳ್ಳೆಯದು ಸಿಗುತ್ತದೆ.